ಮೊದಲು ಗುರುತು, ಆಮೇಲೆ ಕಿಟ್: ಮಡಚುವ ಚಾಕು ಜೋಡಿಸುವವರಿಗೊಂದು ಹೋಲಿಕೆ

ನಾನು ಜೋಡಿಸಿದ ಮೊದಲ ಮಡಚುವ ಚಾಕುವನ್ನು ಊಟವಾದ ಮೇಲೆ ಭಾವನ ಕೈಗೆ ಕೊಟ್ಟೆ. ಅವರು ಎರಡು ಸಲ ತೆರೆದು ಮುಚ್ಚಿದರು, ಹಿಡಿಯ ಮರದ ಮೇಲೆ ಹೆಬ್ಬೆರಳು ಆಡಿಸಿದರು. “ನೀನೇ ಮಾಡಿದೆಯಾ?” ಎಂದರು. ಹೌದು ಎಂದುಬಿಟ್ಟೆ. ಅಡಕೆ ವ್ಯಾಪಾರದಲ್ಲಿ ತಲೆ ನರೆತವರು. ಮಾಲನ್ನು ಒಂದು ಕಡೆ, ಮಾತನ್ನು ಇನ್ನೊಂದು ಕಡೆ ಇಟ್ಟು ತೂಗುವುದು ಅವರಿಗೆ ರೂಢಿ. “ಅಲಗನ್ನೂ?” ಎಂದು ಕೇಳಿದರು.

ಅಲಗು ಚೀನಾದಿಂದ ಬಂದಿತ್ತು. ಸ್ಪ್ರಿಂಗ್, ಆಣಿ, ಒಳತಗಡುಗಳೂ ಅಲ್ಲಿಯವೇ. ನನ್ನದು ಎಂದರೆ ಮುರಿದ ಹಳೆಯ ಕುರ್ಚಿಯ ಕಾಲಿನಿಂದ ಕೊಯ್ದ ಬೀಟೆ ಮರ, ಮೂರು ಭಾನುವಾರಗಳ ಉಜ್ಜಾಟ ಮತ್ತು ಸುತ್ತಿಗೆಯ ಕೆಲವು ಹದವಾದ ಏಟು. ಇಷ್ಟನ್ನು ನಾನು ವಿವರಿಸಿ ಮುಗಿಸುವಷ್ಟರಲ್ಲಿ ಅವರು ಅದೇ ಚಾಕುವಿನಿಂದ ಸೇಬು ಹೆಚ್ಚಿ ತಿಂದಾಗಿತ್ತು.

ಆ ಎರಡನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಿಟ್, ಎಂದರೆ ಜೋಡಿಸಲು ಸಿದ್ಧವಾದ ಬಿಡಿಭಾಗಗಳ ಡಬ್ಬಿ, ಕೊಳ್ಳುವವರು ಸಾಮಾನ್ಯವಾಗಿ ಲಾಕ್ ಯಾವ ಬಗೆಯದು, ಉಕ್ಕು ಯಾವುದು, ಬೆಲೆ ಎಷ್ಟು ಎಂದು ಹೋಲಿಸುತ್ತಾರೆ. ನಾನು ಈಗ ಬೇರೆ ತುದಿಯಿಂದ ಹೊರಡುತ್ತೇನೆ. ಕೆಲಸ ಮುಗಿದ ಮೇಲೆ ಆ ಚಾಕುವಿನ ಮೇಲೆ ಏನೆಂದು ಬರೆದರೆ ಸುಳ್ಳಾಗುವುದಿಲ್ಲ? ಅದನ್ನು ಮೊದಲೇ ಯೋಚಿಸಿಕೊಂಡರೆ ಯಾವ ಕಿಟ್ ಬೇಕು ಎಂಬುದು ಅರ್ಧ ತೀರ್ಮಾನವಾದಂತೆ. ಜೋಡಿಸುವ ಸುಖ ಮಾತ್ರ ಸಾಕೇ, ಹಿಡಿ ನನ್ನದು ಎನ್ನಬೇಕೇ, ಅಥವಾ ತೆರೆದು ಮುಚ್ಚುವಾಗ ಕೇಳುವ ಆ ‘ಟಕ್’ ಸದ್ದೇ ನನ್ನ ಕೈಯದು ಎನ್ನಬೇಕೇ? ಮೂರಕ್ಕೂ ಮೂರು ಬೇರೆ ಡಬ್ಬಿಗಳಿವೆ.

ತಿರುಪಿನ ಕಿಟ್

ಎಲ್ಲಕ್ಕಿಂತ ಸುಲಭವಾದದ್ದು ತಿರುಪುಗಳಿಂದ ಜೋಡಿಸುವ, ಒಳತಗಡಿನ ಲಾಕ್ ಇರುವ ಚಾಕು. ಹಿಡಿಯೊಳಗಿನ ಎರಡು ಲೋಹದ ತಗಡುಗಳಲ್ಲಿ ಒಂದನ್ನು ಉದ್ದಕ್ಕೆ ಸೀಳಿ ಒಳಕ್ಕೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಆ ಸೀಳು ಚಿಮ್ಮಿ ಬಂದು ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ. ಇದರ ಇಂದಿನ ರೂಪವನ್ನು 1980ರ ದಶಕದ ಆರಂಭದಲ್ಲಿ ರೂಢಿಗೆ ತಂದವರು ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್.

ಕಿಟ್ಟಿನಲ್ಲಿ ಲಾಕಿನ ಕೋನವನ್ನು ಕಾರ್ಖಾನೆಯೇ ಕೂರಿಸಿರುತ್ತದೆ. ನಮಗೆ ಉಳಿಯುವುದು ಟಿ6, ಟಿ8 ಅಳತೆಯ ನಕ್ಷತ್ರದ ತಲೆಯ ತಿರುಪುಗಳು, ಕಂಚಿನ ಅಥವಾ ನೈಲಾನ್ ವಾಷರ್‌ಗಳು, ಹಿಡಿಯ ಎರಡು ಹೋಳು. ಒಂದು ಸಂಜೆಯ ಕೆಲಸ. ತಪ್ಪಿದರೆ ಬಿಚ್ಚಿ ಮತ್ತೆ ಜೋಡಿಸಬಹುದು ಎಂಬುದೇ ಇದರ ದೊಡ್ಡ ಗುಣ. ತಿರುಪು ಸಡಿಲಾಗದಂತೆ ಹಾಕುವ ನೀಲಿ ಅಂಟು ಒಂದು ಹನಿಗಿಂತ ಹೆಚ್ಚು ಬೇಡ. ಅದು ವಾಷರ್‌ಗೆ ಇಳಿದರೆ ಅಲಗು ಕೆಸರಿನಲ್ಲಿ ಹೂತ ಗಾಡಿಯಂತೆ ತಿರುಗುತ್ತದೆ.

ಲಾಕಿನ ಮುಖವನ್ನು ಮಾತ್ರ ಅರದಿಂದ ಮುಟ್ಟಬೇಡಿ. ಕೂದಲೆಳೆಯಷ್ಟು ಸವೆದರೂ ಸೀಳು ಅಲಗಿನ ಬುಡವನ್ನು ದಾಟಿ ಆಚೆ ಬದಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ಅದು ಲಾಕ್ ಅಲ್ಲ, ಲಾಕಿನ ವೇಷ. ಸೀಳು ಅಲಗಿನ ಬುಡದ ದಪ್ಪದ ಮೂರನೇ ಒಂದರಿಂದ ಅರ್ಧದಷ್ಟನ್ನು ಆವರಿಸಿದ್ದರೆ ಸರಿಯಾಗಿದೆ ಎಂದುಕೊಳ್ಳಿ.

ಇಂಥ ಚಾಕುವಿನ ಅಲಗಿನ ಮೇಲೆ ನಿಮ್ಮ ಹೆಸರಿಗೆ ಜಾಗವಿಲ್ಲ. ಕಟುವಾಗಿ ಕೇಳಿಸಬಹುದು. ಆದರೆ ತಿರುಪುಳಿ ಹಿಡಿದ ಒಂದು ಗಂಟೆಯನ್ನು ತಯಾರಿಕೆ ಎಂದು ಕರೆಯಲು ಕಾನೂನಿಗೂ ಮನಸ್ಸಿಲ್ಲ. ‘ಅಮೆರಿಕದಲ್ಲಿ ಜೋಡಿಸಿದ್ದು’ ಎಂದು ಬರೆಯುವ ಬಗ್ಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನೀಡಿರುವ ಮಾರ್ಗಸೂಚಿಯಲ್ಲಿ ಸ್ಕ್ರೂಡ್ರೈವರ್ ಜೋಡಣೆಯ ಮಾತು ಹೆಸರೆತ್ತಿಯೇ ಬರುತ್ತದೆ. ಹೊರದೇಶದ ಭಾಗಗಳನ್ನು ಕೊನೆಯಲ್ಲಿ ತಿರುಪು ಹಾಕಿ ಸೇರಿಸಿದ ಮಾತ್ರಕ್ಕೆ ಆ ಬರಹ ಸಾಮಾನ್ಯವಾಗಿ ಸಲ್ಲುವುದಿಲ್ಲ. ಹಿಡಿಯ ಹೋಳುಗಳನ್ನು ನೀವೇ ಕೆತ್ತಿದ್ದರೆ ಮಾತು ಬೇರೆ. ಅದನ್ನು ಹಿಡಿಯ ಮೇಲೆ ಬರೆಯಿರಿ.

ಬಿಗಿತದ ಮೇಲೆ ನಿಲ್ಲುವ ಚಾಕು

ಹಳ್ಳಿಯ ಕ್ಷೌರಿಕರ ಕತ್ತಿಯನ್ನು ನೋಡಿದವರಿಗೆ ಇದು ಹೊಸದಲ್ಲ. ಲಾಕೂ ಇಲ್ಲ, ಸ್ಪ್ರಿಂಗೂ ಇಲ್ಲ. ತಿರುಗುವ ಆಣಿಯ ಬಿಗಿತವೊಂದೇ ಅಲಗನ್ನು ನಿಂತಲ್ಲಿ ನಿಲ್ಲಿಸುತ್ತದೆ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಈ ವಂಶದ ಅತ್ಯಂತ ಪ್ರಸಿದ್ಧ ಚಾಕು. ಮಡಿಸಿದ ಹಿತ್ತಾಳೆ ತಗಡೇ ಅದರ ಹಿಡಿ. ಅಲಗಿನ ಹಿಂದೆ ಚಾಚಿಕೊಂಡ ಪುಟ್ಟ ಬಾಲವನ್ನು ಹೆಬ್ಬೆರಳು ಒತ್ತಿಕೊಂಡಿರುವಷ್ಟು ಹೊತ್ತು ಅಲಗು ಮಡಚದು. ಹಿಗೊನೊಕಾಮಿ ಎಂಬುದು ನೋಂದಾಯಿತ ಹೆಸರು. ಅದೇ ಆಕಾರದ ಕಿಟ್ ಜೋಡಿಸಿ ಅದನ್ನು ಹಿಗೊನೊಕಾಮಿ ಎಂದು ಕರೆಯುವಂತಿಲ್ಲ. ‘ಆ ಮಾದರಿಯದು’ ಎಂದರೆ ಸಾಕು.

ಕಿಟ್ಟುಗಳಲ್ಲಿ ಕಡಿಮೆ ಭಾಗಗಳಿರುವುದು ಇದರಲ್ಲೇ: ಅಲಗು, ತಿರುಗುವ ಆಣಿ, ತಡೆಯುವ ಆಣಿ, ಎರಡು ವಾಷರ್, ಹಿಡಿಗೆ ಮರ. ಒಂದು ಭಾನುವಾರ ಸಾಕು. ಆಣಿಯ ತಲೆಯನ್ನು ಉಂಡೆತಲೆಯ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು ಹಾಕಿ ಅಣಬೆಯಂತೆ ಅರಳಿಸಬೇಕು. ನಾಲ್ಕು ಏಟಿಗೊಮ್ಮೆ ಅಲಗನ್ನು ತೆರೆದು ಬಿಗಿತ ನೋಡಬೇಕು. ಐದನೆಯ ಏಟು ಹೆಚ್ಚಾದರೆ ಹಿಂದಕ್ಕೆ ಕರೆಯಲಾಗದು. ಮರದ ಮೇಲೆ ನೇರವಾಗಿ ಬಡಿಯಲೂಬಾರದು. ನಡುವೆ ಹಿತ್ತಾಳೆಯ ವಾಷರ್ ಇರದಿದ್ದರೆ ಮರ ಸೀಳುತ್ತದೆ. ನನ್ನ ಒಂದು ಹಲಸಿನ ಹಿಡಿ ಹೀಗೆಯೇ ಹೋಯಿತು.

ಮಳೆಗಾಲಕ್ಕೆ ಇದು ಹೆದರುತ್ತದೆ. ಮರ ತೇವ ಕುಡಿದು ಉಬ್ಬಿದಾಗ ಅಲಗು ಬಿಗಿ, ಬೇಸಿಗೆಯಲ್ಲಿ ಸಡಿಲ. ಮಲೆನಾಡಿನವರು ಒಳತಗಡು ಇರುವ ಕಿಟ್ಟನ್ನೇ ಆರಿಸಿಕೊಂಡರೆ ಜೂನ್ ತಿಂಗಳಲ್ಲಿ ಹಲ್ಲಿನಿಂದ ಚಾಕು ತೆರೆಯುವ ಗತಿ ಬರುವುದಿಲ್ಲ.

ಸ್ಪ್ರಿಂಗ್ ಚಾಕು

ನನ್ನ ಪಕ್ಷಪಾತ ಇಲ್ಲಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅಜ್ಜಂದಿರ ಜೇಬಿನಲ್ಲಿದ್ದ ಪೆನ್‌ನೈಫ್ ಈ ಜಾತಿಯದು. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಅಲಗಿನ ಬುಡದಲ್ಲಿ ಚಪ್ಪಟೆ ಮುಖಗಳಿರುತ್ತವೆ. ಸ್ಪ್ರಿಂಗ್ ಆ ಮುಖಗಳ ಮೇಲೆ ಒತ್ತಿ ಕುಳಿತಾಗ ಅಲಗು ನಿಲ್ಲುತ್ತದೆ, ಅಂಚು ದಾಟಿದಾಗ ಟಕ್ಕೆಂದು ಹಾರುತ್ತದೆ. ಲಾಕ್ ಇಲ್ಲ. ಜೋರಾಗಿ ಒತ್ತಿದರೆ ಮಡಚಿಕೊಳ್ಳುತ್ತದೆ.

ಹೊರನೋಟಕ್ಕೆ ಸರಳ, ಜೋಡಿಸಲು ಕಠಿಣ. ತೆರೆದಾಗ, ಮುಚ್ಚಿದಾಗ, ಕೆಲವು ಮಾದರಿಗಳಲ್ಲಿ ಅರ್ಧ ತೆರೆದಾಗಲೂ ಸ್ಪ್ರಿಂಗಿನ ಬೆನ್ನು ಒಳತಗಡಿನ ಅಂಚಿಗೆ ಸಮನಾಗಿ ನಿಲ್ಲಬೇಕು. ಬೆರಳು ಸವರಿದರೆ ಮೆಟ್ಟಿಲು ಸಿಗಬಾರದು. ಕಿಟ್ಟಿನವರು ಇದನ್ನು ಮುಕ್ಕಾಲು ಪಾಲು ಸರಿಮಾಡಿ ಕಳುಹಿಸುತ್ತಾರೆ. ಉಳಿದ ಕಾಲು ಪಾಲೇ ನಮ್ಮ ಕೆಲಸ. ಮುಚ್ಚಿದಾಗ ಸ್ಪ್ರಿಂಗ್ ಮೇಲೆದ್ದಿದ್ದರೆ ಅಲಗಿನ ಬುಡದ ಆ ಮುಖವನ್ನು ಮಾತ್ರ ನುಣ್ಣನೆಯ ಕಲ್ಲಿನ ಮೇಲೆ ನಾಲ್ಕೈದು ಎಳೆತ ಎಳೆಯಬೇಕು. ಮತ್ತೆ ಜೋಡಿಸಿ ನೋಡಬೇಕು, ಮತ್ತೆ ಬಿಚ್ಚಬೇಕು. ಇದಕ್ಕಾಗಿ ಸ್ವಲ್ಪ ಸಡಿಲವಾದ ತಾತ್ಕಾಲಿಕ ಆಣಿಗಳನ್ನು ಇಟ್ಟುಕೊಳ್ಳಿ. ನಾನು ಒಂದು ಚಾಕುವನ್ನು ಹನ್ನೊಂದು ಸಲ ಬಿಚ್ಚಿದ್ದೇನೆ. ಹನ್ನೆರಡನೆಯ ಸಲ ಬೇಕಾಗಿತ್ತು; ಸೋಮಾರಿತನದಿಂದ ಬಿಟ್ಟೆ. ಆ ಮೆಟ್ಟಿಲು ಇಂದಿಗೂ ಬೆರಳಿಗೆ ತಾಗುತ್ತದೆ.

ಮುಚ್ಚಿದಾಗ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ತಾಗಬಾರದು ಎಂದು ಬುಡದ ಬಳಿ ಸಣ್ಣ ಉಬ್ಬೊಂದನ್ನು ಬಿಟ್ಟಿರುತ್ತಾರೆ. ಅಂದಕ್ಕೆಂದು ಅದನ್ನು ಉಜ್ಜಿ ತೆಗೆದವರ ಚಾಕು ಮುಚ್ಚಿದಾಗಲೆಲ್ಲ ತಾನೇ ತನ್ನ ಬಾಯನ್ನು ಮೊಂಡು ಮಾಡಿಕೊಳ್ಳುತ್ತದೆ.

ಕೊನೆಗೆ ಆಣಿ ಬಡಿಯುವುದು. ಆಣಿಗಳು ಸಾಮಾನ್ಯವಾಗಿ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರಿನವು. ಜರ್ಮನ್ ಸಿಲ್ವರ್ ತಾಮ್ರ, ನಿಕಲ್, ಸತುವಿನ ಮಿಶ್ರಣ. ಬೆಳ್ಳಿ ಒಂದು ಗುಂಜಿಯೂ ಇಲ್ಲ. ನಮ್ಮ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೂ ಚಾಕು ಮಾರುವಾಗ ‘ಬೆಳ್ಳಿಯ ಆಣಿ’ ಎಂದು ಬರೆಯುವವರಿದ್ದಾರೆ. ಬಡಿಯುವಾಗ ಅಲಗಿಗೂ ಒಳತಗಡಿಗೂ ನಡುವೆ ತೆಳ್ಳನೆಯ ಹಿತ್ತಾಳೆ ಹಾಳೆಯೊಂದನ್ನು ಸಿಗಿಸಿ, ಬಡಿದ ಮೇಲೆ ಎಳೆದುಬಿಟ್ಟರೆ ಅಲಗು ಆಡಲು ಬೇಕಾದಷ್ಟು ಸಂದು ಉಳಿಯುತ್ತದೆ. ಇಲ್ಲವಾದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ: ಮೂರು ವಾರ ಸಮ ಮಾಡಿದ್ದು ಒಂದೇ ಏಟಿಗೆ ಕಚ್ಚಿಕೊಳ್ಳುತ್ತದೆ.

ಹಿಡಿಯ ಹೋಳುಗಳನ್ನು ಅಂಟಿಸುವಾಗ ಎಪಾಕ್ಸಿ ಅಂಟು ಆಣಿಯ ತೂತಿಗೆ ಇಳಿಯುವುದು ಇನ್ನೊಂದು ಪಾಡು. ತೂತಿನ ಸುತ್ತ ಸ್ವಲ್ಪ ವ್ಯಾಸಲೀನ್ ಸವರಿ. ಹಿಡಿಯನ್ನು ಯಂತ್ರದಲ್ಲಿ ಉಜ್ಜುವಾಗ ಅಲಗೂ ಯಂತ್ರದ ಉಜ್ಜುಪಟ್ಟಿಗೆ ತಾಗಿ ಬಿಸಿಯಾದೀತು. ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುವ ಮೊದಲೇ ನಿಲ್ಲಿಸಿ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದು ಸುಮಾರು 300 ಡಿಗ್ರಿ ದಾಟಿದೆ, ಕಾರ್ಖಾನೆ ಕಾಸಿ ತಣಿಸಿ ಕೊಟ್ಟ ಗಟ್ಟಿತನದ ಹದ ಅಷ್ಟರಮಟ್ಟಿಗೆ ಹೋಯಿತು. ಪೂರ್ತಿ ಕೆಲಸ ಮುಗಿಯುವವರೆಗೆ ಅಲಗಿನ ಬಾಯಿಗೆ ಟೇಪು ಸುತ್ತಿಟ್ಟಿರಿ, ಹರಿತವನ್ನು ಕಟ್ಟಕಡೆಗೆ ಮಾಡಿ. ಮರ ಮತ್ತು ಮೂಳೆಯ ದೂಳಿಗೆ ಮುಖಕವಚ ಬೇಕೇ ಬೇಕು. ಬೀಟೆಯ ದೂಳು ಚರ್ಮಕ್ಕೂ ಉಸಿರಿಗೂ ಒಗ್ಗುವುದಿಲ್ಲ.

ಇಷ್ಟು ಪಟ್ಟ ಮೇಲೆ ‘ಹಿಡಿ ಮತ್ತು ಜೋಡಣೆ ನನ್ನದು’ ಎಂದು ಬರೆದರೆ ಯಾರೂ ಹುಬ್ಬೇರಿಸಲಾರರು. ಆ ಟಕ್ ಸದ್ದು ನಿಜವಾಗಿಯೂ ನಿಮ್ಮದು.

ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಇದನ್ನೇ ಆರಿಸಲು ಇನ್ನೊಂದು ಕಾರಣವಿದೆ. ಅಲ್ಲಿ ಬಾಯಿಯ ಉದ್ದ 3 ಅಂಗುಲ ಮೀರದ, ಲಾಕ್ ಆಗದ ಮಡಚುವ ಚಾಕುವನ್ನು ಕಾರಣ ಕೊಡದೆ ಜೇಬಿನಲ್ಲಿಟ್ಟುಕೊಂಡು ಓಡಾಡಬಹುದು. ಲಾಕ್ ಇದ್ದರೆ ಅದನ್ನು ಮಡಚುವ ಚಾಕು ಎಂದು ನ್ಯಾಯಾಲಯಗಳು ಪರಿಗಣಿಸುವುದಿಲ್ಲ.

ಉಳಿದೆರಡು ದಾರಿ

ಬೆನ್ನಿನ ಲಾಕ್, ಎಂದರೆ ಹಿಡಿಯ ಬೆನ್ನನ್ನು ಒತ್ತಿ ಬಿಡಿಸುವ ಲಾಕ್, ಇರುವ ಚಾಕುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಬಕ್ ಕಂಪನಿ 1964ರಲ್ಲಿ ತಂದ 110 ಮಾದರಿ ಅದನ್ನು ಮನೆಮಾತಾಗಿಸಿತು. ಕಿಟ್ಟುಗಳಾಗಿಯೂ ಸಿಗುತ್ತದೆ. ಸ್ಪ್ರಿಂಗ್ ಚಾಕುವಿನ ಎಲ್ಲ ತಲೆನೋವೂ ಇದೆ, ಜೊತೆಗೆ ಲಾಕಿನ ಕೊಕ್ಕೆಯ ತಲೆನೋವು. ಮೊದಲ ಚಾಕುವಾಗಿ ಬೇಡ.

ಫ್ರಾನ್ಸಿನ ಒಪಿನೆಲ್ ಕಿಟ್ ಅಲ್ಲ, ಪೂರ್ತಿಯಾದ ಚಾಕು. 1890ರಿಂದ ಸವಾಯ್ ಪ್ರಾಂತದಲ್ಲಿ ತಯಾರಾಗುತ್ತಿದೆ. ತಿರುಗುವ ಉಂಗುರದ ಲಾಕ್ ಸೇರಿದ್ದು 1955ರಲ್ಲಿ. ಬಹಳ ಮಂದಿ ಅದರ 8ನೇ ಸಂಖ್ಯೆಯ ಚಾಕುವನ್ನು ಕೊಂಡು, ದುಂಡನೆಯ ಮರದ ಹಿಡಿಯನ್ನು ತಮ್ಮ ಅಂಗೈಗೆ ತಕ್ಕಂತೆ ಕೆತ್ತಿಕೊಳ್ಳುತ್ತಾರೆ. ಕೈಯಲ್ಲಿ ಹಣ ಕಡಿಮೆ, ವೈಸೂ ಇಲ್ಲ, ಡ್ರಿಲ್ಲೂ ಇಲ್ಲ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಅಲಗಿನ ಮೇಲಿನ ಕಿರೀಟ ಮತ್ತು ಕೈಯ ಮುದ್ರೆಯನ್ನು ಮಾತ್ರ ಉಜ್ಜಿ ಅಳಿಸಬೇಡಿ. ನೀವು ಮಾಡಿದ್ದು ಹಿಡಿಯ ರೂಪಾಂತರ, ಚಾಕು ಅವರದೇ.

ಉಕ್ಕಿನ ಹೆಸರುಗಳು

ಅಲಗಿನ ಉಕ್ಕು ಯಾವುದು ಎಂಬುದನ್ನು ಮನೆಯಲ್ಲಿ ಕಂಡುಹಿಡಿಯುವ ದಾರಿ ಇಲ್ಲ. ಮಾರಿದವರು ಬರಹದಲ್ಲಿ ಕೊಟ್ಟದ್ದಷ್ಟೇ ನಮ್ಮ ಬಳಿ ಇರುವ ಆಧಾರ. ಬರೀ ‘440’ ಎಂದಿದ್ದರೆ ಎಚ್ಚರ. 440ಎ ಉಕ್ಕಿನಲ್ಲಿ ಇಂಗಾಲ ಶೇ. 0.60ರಿಂದ 0.75, 440ಸಿಯಲ್ಲಿ ಶೇ. 0.95ರಿಂದ 1.20, ಹರಿತ ಬಾಳುವುದರಲ್ಲಿ ಎರಡಕ್ಕೂ ಬಹಳ ಅಂತರ. ಅಕ್ಷರ ಬಿಟ್ಟು ಅಂಕಿ ಮಾತ್ರ ಬರೆಯುವವರು ಮರೆತು ಬಿಟ್ಟಿರಲಾರರು. ಡಿ2 ಉಕ್ಕಿನಲ್ಲಿ ಕ್ರೋಮಿಯಂ ಶೇ. 12ರ ಆಸುಪಾಸು ಇದ್ದರೂ ಅದು ಪೂರ್ಣ ಸ್ಟೇನ್‌ಲೆಸ್ ಅಲ್ಲ. ನಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟರೆ ಕಲೆ ಬೀಳುತ್ತದೆ. ಡಬ್ಬಿಯ ಮೇಲೆ ‘ಸ್ಟೇನ್‌ಲೆಸ್’ ಎಂದಷ್ಟೇ ಇದ್ದರೆ ನೀವೂ ಅಷ್ಟೇ ಹೇಳಿ.

ಡಮಾಸ್ಕಸ್ ಎಂಬ ಹೆಸರಿನಲ್ಲಿ ಬರುವ ಅಲೆಅಲೆಯ ಅಲಗುಗಳ ಕಥೆ ಇನ್ನೂ ಉದ್ದ. ನಿಜವಾದದ್ದು ಎರಡು ಬಗೆಯ ಉಕ್ಕನ್ನು, ಬಹಳ ಸಲ 1095 ಮತ್ತು 15ಎನ್20, ಪದರಪದರವಾಗಿ ಬೆಸೆದು ಮಡಿಸಿ ಬಡಿದದ್ದು. ಸುಳ್ಳಾದದ್ದು ಸಾದಾ ಉಕ್ಕಿನ ಮೇಲೆ ಲೇಸರಿನಿಂದ ಬರೆದ ಚಿತ್ತಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಪರೀಕ್ಷೆ ಸುಲಭ. ಅಲಗಿನ ಬುಡದಲ್ಲಿ ಹಿಡಿಯೊಳಗೆ ಮರೆಯಾಗುವ ಜಾಗವನ್ನು ಸ್ಯಾಂಡ್ ಪೇಪರಿನಿಂದ ಬೆಳ್ಳಗೆ ಉಜ್ಜಿ, ಫೆರಿಕ್ ಕ್ಲೋರೈಡ್ ದ್ರಾವಣ ಹಚ್ಚಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಹಲಗೆ ಕೊರೆಯಲು ಮಾರುವ ಪುಡಿ ಅದೇ. ನಿಜವಾದ ಪದರವಿದ್ದರೆ ಚಿತ್ತಾರ ಮರಳಿ ಏಳುತ್ತದೆ. ಇಲ್ಲದಿದ್ದರೆ ಒಂದೇ ಬಗೆಯ ಬೂದುಬಣ್ಣ.

ಈ ಪದರದ ಉಕ್ಕನ್ನು ‘ವೂಟ್ಸ್’ ಎಂದು ಮಾರುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ವೂಟ್ಸ್ ಎಂದರೆ ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ಉಕ್ಕು; ಅದರ ಚಿತ್ತಾರ ಉಕ್ಕಿನೊಳಗಿನ ಕಾರ್ಬೈಡುಗಳಿಂದ, ಎಂದರೆ ಇಂಗಾಲ ಸೇರಿದ ಗಟ್ಟಿ ಕಣಗಳಿಂದ, ಹುಟ್ಟುವಂಥದ್ದು, ಪದರಗಳಿಂದಲ್ಲ. ಆ ಪದ ಕನ್ನಡದ ‘ಉಕ್ಕು’ವಿನಿಂದಲೇ ಬಂದದ್ದು ಎಂಬ ಅಭಿಪ್ರಾಯ ಬಹಳ ಕಾಲದಿಂದ ಇದೆ. ನಮ್ಮ ಪದವನ್ನು ನಮಗೇ ಸುಳ್ಳುಸುಳ್ಳಾಗಿ ಮಾರಿದರೆ ಹೇಗೆ?

ಹಿಡಿಯ ವಸ್ತುವಿಗೂ ಇದೇ ಮಾತು. ಮೂಳೆಯನ್ನು ಗೀರಿ ಬಣ್ಣ ಹಾಕಿದ್ದನ್ನು ಜಿಂಕೆಯ ಕೊಂಬು ಎನ್ನಬೇಡಿ. ನಿಜವಾದ ಕಡವೆ, ಜಿಂಕೆಯ ಕೊಂಬು ನಿಮ್ಮ ಕೈಯಲ್ಲಿದ್ದರೆ ತೊಂದರೆ ಇನ್ನೂ ಹೆಚ್ಚು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕೆಳಗೆ ಅದರ ವ್ಯಾಪಾರ ಅಪರಾಧ. ಬೀಟೆ ಇರುವ ಡಾಲ್ಬರ್ಜಿಯಾ ಕುಲದ ಮರಗಳು 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ನಾನು ಹಳೆಯ ಪೀಠೋಪಕರಣದ ಚೂರುಗಳನ್ನೇ ಬಳಸುತ್ತೇನೆ, ಹಾಗೆಂದು ಬರೆದೂ ಇಡುತ್ತೇನೆ.

ಏನೆಂದು ಬರೆಯುವುದು

ಚಾಕುವಿನ ಮೇಲಿನ ಸುಳ್ಳು ಹಳೆಯ ಕಸುಬು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಚಾಕು ಮಾಡುವವರ ಸಂಘಕ್ಕೆ 1624ರಲ್ಲೇ ಸಂಸತ್ತಿನ ಕಾಯಿದೆಯಿಂದ ಮಾನ್ಯತೆ ಸಿಕ್ಕಿತ್ತು. ಕಸುಬುದಾರರ ಮುದ್ರೆಗಳನ್ನು ದಾಖಲಿಸಿಕೊಳ್ಳುವುದು ಅದರ ಮುಖ್ಯ ಕೆಲಸಗಳಲ್ಲೊಂದು. 19ನೇ ಶತಮಾನದಲ್ಲಿ ಜರ್ಮನಿಯ ಅಗ್ಗದ ಚಾಕುಗಳು ಶೆಫೀಲ್ಡ್ ಎಂಬ ಮುದ್ರೆ ಹೊತ್ತು ಬರತೊಡಗಿದಾಗ ಎದ್ದ ಕೂಗಿಗೆ 1887ರ ಸರಕು ಗುರುತುಗಳ ಕಾಯಿದೆ ಒಂದು ಉತ್ತರವಾಗಿತ್ತು. ‘ಜರ್ಮನಿಯಲ್ಲಿ ತಯಾರಾದದ್ದು’ ಎಂಬ ಬರಹ ವ್ಯಾಪಕವಾದದ್ದು ಅದರಿಂದಲೇ. ಮೂರು ವರ್ಷಗಳ ನಂತರ ಅಮೆರಿಕದ 1890ರ ಸುಂಕ ಕಾಯಿದೆಯೂ ಆಮದು ಸರಕಿನ ಮೇಲೆ ದೇಶದ ಹೆಸರು ಕೇಳಿತು. ಹಳೆಯ ಚಾಕು ಸಂಗ್ರಹಿಸುವವರು ಅಲಗಿನ ಬುಡದಲ್ಲಿ ದೇಶದ ಹೆಸರಿದೆಯೇ ಇಲ್ಲವೇ ಎಂದು ನೋಡಿ ಕಾಲವನ್ನು ಊಹಿಸುವುದು ಇದೇ ಕಾರಣಕ್ಕೆ. ಜರ್ಮನಿಯವರೂ ಸುಮ್ಮನಿರಲಿಲ್ಲ: 1938ರಿಂದ ಚಾಕುಗಳಿಗೆ ಹೆಸರಾದ ಝೋಲಿಂಗೆನ್ ಎಂಬ ಊರಿನ ಹೆಸರಿಗೇ ಕಾನೂನಿನ ರಕ್ಷಣೆ ಇದೆ.

ಅಮೆರಿಕದ ಸುಂಕ ನಿಯಮಗಳು ಇಂದಿಗೂ ಚಾಕುವನ್ನು ಹೆಸರಿಸಿ, ಮೂಲದೇಶದ ಗುರುತು ಲೋಹದ ಮೇಲೆಯೇ ಅಚ್ಚೊತ್ತಿಯೋ ಕೊರೆದೋ ಇರಬೇಕು ಎನ್ನುತ್ತವೆ. ಮರೆಮಾಚುವ ಉದ್ದೇಶದಿಂದ ಅದನ್ನು ಅಳಿಸುವುದು ಅಲ್ಲಿ ಅಪರಾಧ. ನಮ್ಮಲ್ಲಿ 1999ರ ವ್ಯಾಪಾರ ಗುರುತುಗಳ ಕಾಯಿದೆಯ 103ನೇ ಸೆಕ್ಷನ್ ಇದೆ: ಸರಕು ತಯಾರಾದ ಸ್ಥಳ, ದೇಶ, ವಿಧಾನ, ವಸ್ತು ಇವುಗಳ ಬಗ್ಗೆ ಸುಳ್ಳು ವಿವರಣೆ ಅಂಟಿಸಿದರೆ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಮನೆಯವರಿಗೆ ಉಡುಗೊರೆ ಕೊಡುವವರನ್ನು ಯಾರೂ ಹಿಡಿದೊಯ್ಯುವುದಿಲ್ಲ. ಆದರೆ ಉಡುಗೊರೆಯಾಗಿ ಕೊಟ್ಟ ಚಾಕು ಹತ್ತು ವರ್ಷದ ಮೇಲೆ ಯಾರ ಅಂಗಡಿಯಲ್ಲಿ ಮಾರಾಟಕ್ಕೆ ಕುಳಿತಿರುತ್ತದೋ ಬಲ್ಲವರು ಯಾರು?

ನನ್ನ ಲೆಕ್ಕ ಹೀಗಿದೆ. ಅಲಗಿನ ಮೇಲೆ ಹೆಸರು ಬರೆಯುವ ಹಕ್ಕು ಅಲಗನ್ನು ರೂಪಿಸಿದವನಿಗೆ. ಉಕ್ಕಿನ ಪಟ್ಟಿಯಿಂದ ನೀವೇ ಕತ್ತರಿಸಿ ಆಕಾರ ಕೊಟ್ಟು, ಹದ ಕೊಡುವುದನ್ನು ಮಾತ್ರ ಬೇರೆಯವರಿಂದ ಮಾಡಿಸಿದ್ದರೆ ಹೆಸರು ಬರೆಯಿರಿ, ಕೇಳಿದವರಿಗೆ ಹದದ ವಿಷಯ ಹೇಳಿ. ಕಿಟ್ಟಿನ ಅಲಗಾದರೆ ಅಲ್ಲಿ ಬರೀ ಹೆಸರು ಬೇಡ; ಬರೆಯಲೇಬೇಕೆಂದರೆ ಅಲಗು ಎಲ್ಲಿಯದು ಎಂಬುದೂ ಜೊತೆಗಿರಲಿ. ‘ಕೈಯಿಂದ ಮಾಡಿದ್ದು’ ಎಂಬ ಮಾತು ನನಗೆ ಅನುಮಾನದ್ದು. ಯಾರ ಕೈ, ಯಾವ ಭಾಗ ಎಂದು ಅದು ಹೇಳುವುದಿಲ್ಲ. ‘ಜೋಡಣೆ’, ‘ಹಿಡಿ’ ಎಂಬ ಪದಗಳು ಸಣ್ಣವು, ಆದರೆ ಪಕ್ಕಾ. ಹಿಂದಿನವರ ಮುದ್ರೆ ಇದ್ದರೆ ಅದನ್ನು ಹಾಗೆಯೇ ಬಿಡಿ. ಗುರುತೇ ಇಲ್ಲದ ಬೋಳು ಅಲಗು ಬಂದಾಗ ಕೈ ತುರಿಸುವುದು ನಿಜ. ಆ ಬೋಳು ನಿಮಗೆ ಕೊಟ್ಟ ಒಪ್ಪಿಗೆಯಲ್ಲ.

ಗುರುತಿನಲ್ಲಿ ಹಿಡಿಸದ್ದಕ್ಕೆಲ್ಲ ಪೆಟ್ಟಿಗೆಯಲ್ಲೊಂದು ಚೀಟಿ ಇಡಿ: ಅಲಗು ಎಲ್ಲಿಯದು, ಮಾರಿದವರು ಹೇಳಿದ ಉಕ್ಕು ಯಾವುದು, ಹಿಡಿಯ ಮರ ಎಲ್ಲಿಂದ ಬಂತು, ಯಾವ ವರ್ಷ.

ಹೇಗೆ ಬರೆಯುವುದು

ಅಚ್ಚಿನ ಮೊಳೆಯಿಂದ ಬಡಿದು ಗುರುತು ಹಾಕುವುದು ಹದ ಕೊಡುವ ಮೊದಲಿನ ಕೆಲಸ. ಕಿಟ್ಟಿನ ಅಲಗು ಆಗಲೇ ಗಟ್ಟಿಯಾಗಿರುತ್ತದೆ. ಬಡಿದರೆ ಅಚ್ಚು ಮೊಂಡಾಗುತ್ತದೆ ಇಲ್ಲವೇ ಅಲಗು ಬಿರುಕು ಬಿಡುತ್ತದೆ. ಆದರೆ ಹಿತ್ತಾಳೆಯ ಒಳತಗಡು ಮೆದು. ಜೋಡಿಸುವ ಮೊದಲು ತಗಡನ್ನು ಅಡಿಗಲ್ಲಿನ ಮೇಲಿಟ್ಟು ಅಕ್ಷರ ಒತ್ತಿ, ಎದ್ದ ಅಂಚನ್ನು ಉಜ್ಜಿ ಸಮ ಮಾಡಬಹುದು. ಲೇಸರ್ ಗುರುತನ್ನು ಟ್ರೋಫಿ, ಫಲಕ ಮಾಡುವ ಕೆಲವು ಅಂಗಡಿಗಳು ಹಾಕಿಕೊಡುತ್ತವೆ. ಅಚ್ಚುಕಟ್ಟು, ಆದರೆ ಆಳ ಕಡಿಮೆ. ಕಂಪಿಸುವ ಕೊರೆಪೆನ್ನು ಅಗ್ಗ. ನನ್ನ ಕೈಬರಹಕ್ಕೆ ಅದು ಶಿಕ್ಷೆ.

ನಾನು ನೆಚ್ಚಿರುವುದು ಉಪ್ಪುನೀರು ಮತ್ತು ವಿದ್ಯುತ್ತನ್ನು. ಅಂಟುವ ಪ್ಲಾಸ್ಟಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಅಲಗಿಗೆ ಅಂಟಿಸಬೇಕು. 9 ಅಥವಾ 12 ವೋಲ್ಟ್ ನೇರ ವಿದ್ಯುತ್ತಿನ ಧನ ತಂತಿ ಅಲಗಿಗೆ, ಋಣ ತಂತಿ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಗೆ. ಕೆಲವು ಸೆಕೆಂಡು ತಾಗಿಸಿ ಎತ್ತಿ, ಹತ್ತಿ ಬದಲಿಸಿ, ಮತ್ತೆ ತಾಗಿಸಿ. ತಂತಿ ಅದಲುಬದಲಾದರೆ ಏನೂ ಕೊರೆಯುವುದಿಲ್ಲ. ಕಿಟಕಿ ತೆರೆದಿರಲಿ, ಏಕೆಂದರೆ ಸ್ವಲ್ಪ ಕ್ಲೋರಿನ್ ಏಳುತ್ತದೆ. ಸ್ಟೇನ್‌ಲೆಸ್ ಕೊರೆದ ಕೊಳೆಯಲ್ಲಿ ಕ್ರೋಮಿಯಂ ಇರುವುದರಿಂದ ಕೈಗವಸು ಬೇಕು. ಅಡುಗೆಮನೆಯ ತೊಟ್ಟಿಗಂತೂ ಸುರಿಯಬೇಡಿ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಎಣ್ಣೆ ಸವರಿ.

ಕಾನೂನಿನ ಬಗ್ಗೆ ಎರಡು ಮಾತು, ಮಾರುವ ಅಥವಾ ಒಯ್ಯುವ ಯೋಚನೆ ಇದ್ದವರಿಗೆ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು. ಮನೆಬಳಕೆ, ಕೃಷಿಯಂಥ ಕೆಲಸದವಕ್ಕೆ ವಿನಾಯಿತಿ ಇದೆ. ಇಲ್ಲಿ ಹೇಳಿದ ಕಿಟ್ಟುಗಳೆಲ್ಲ ಅದರ ಅರ್ಧವೂ ಇಲ್ಲ. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಕಿಟ್ಟಿನ ಗೊಡವೆಗೆ ಮಾತ್ರ ಹೋಗಬೇಡಿ. ದೆಹಲಿಯಲ್ಲಿ 1980ರ ಅಧಿಸೂಚನೆ 7.62 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ಉದ್ದದ ಅಂಥ ಅಲಗುಗಳನ್ನೇ ನಿರ್ಬಂಧಿಸಿದೆ. ವಿಮಾನದಲ್ಲಿ ಯಾವ ಚಾಕುವೂ ಕೈಚೀಲದಲ್ಲಿ ಬೇಡ.

ಕನ್ನಡದಲ್ಲಿ ಗುರುತು ಹಾಕುವವರಿಗೆ ಇನ್ನೊಂದು ಕಷ್ಟವಿದೆ. ಬಡಿಯುವ ಅಚ್ಚುಗಳು ಅಂಗಡಿಯಲ್ಲಿ ಸಿಗುವುದು ರೋಮನ್ ಅಕ್ಷರಗಳಲ್ಲಿ. ಹಾಳೆ ಕತ್ತರಿಸಿ ಕೊರೆಯುವುದಾದರೆ ಒತ್ತಕ್ಷರ ಕೈಕೊಡುತ್ತದೆ. 4 ಮಿ.ಮೀ.ಗಿಂತ ಸಣ್ಣ ಅಕ್ಷರದಲ್ಲಿ ಒತ್ತಿನ ಸಂದುಗಳು ತಿಂದುಹೋಗಿ ಒಂದೇ ಕಪ್ಪು ಚುಕ್ಕೆಯಾಗುತ್ತವೆ. ಮೊದಲ ಪ್ರಯತ್ನದಲ್ಲಿ ‘ಹಿತ್ತಾಳೆ’ ಎಂದು ಕೊರೆದದ್ದು ಸೊಳ್ಳೆ ಸತ್ತ ಗುರುತಿನಂತೆ ಕಾಣುತ್ತಿತ್ತು. ಹಾಗಾಗಿ ಒತ್ತಿಲ್ಲದ ಪದಗಳನ್ನೇ ಹುಡುಕಿಕೊಂಡೆ. ಭಾವನಿಗೆಂದು ಮಾಡಿದ ಎರಡನೆಯ ಸ್ಪ್ರಿಂಗ್ ಚಾಕುವಿನ ಅಲಗಿನ ಬುಡದಲ್ಲಿ ಬರೆದದ್ದು ಇಷ್ಟು: ‘ಅಲಗು ಚೀನಾ, ಹಿಡಿ ಮೈಸೂರು’.

ಅವರು ಕನ್ನಡಕ ಏರಿಸಿ ಓದಿದರು. ತೆರೆದು ಮುಚ್ಚಿದರು. “ಸ್ಪ್ರಿಂಗ್ ಎಲ್ಲಿಯದು?” ಎಂದರು.

“ಸ್ಪ್ರಿಂಗಿಗೆ ಒತ್ತು ಇದೆ ಭಾವ,” ಎಂದೆ. “ಚೀಟಿಯಲ್ಲಿ ಬರೆದಿದ್ದೇನೆ.”